ತೋರಿಸಲೆಂದೇ ಮಾಡಿದ ಗಾಜು

ನಮ್ಮ ಸರ್‌ಗೆ ಒಂದು ಚಟವಿತ್ತು. ಎಲೆ ಅಡಿಕೆಯದಲ್ಲ, ಸಿಗರೇಟಿನದಲ್ಲ. ಲ್ಯಾಬಿನ ಮುಂದೆ ಯಾರಾದರೂ ಹಾದುಹೋದರೆ ಅವರನ್ನು ಒಳಗೆ ಕರೆಯದೆ ಬಿಡಲು ಅವರಿಂದ ಆಗುತ್ತಿರಲಿಲ್ಲ. "ಬರ್ರಿ, ಬರ್ರಿ, ಒಂದು ಚೆಂದದ್ದು ತೋರಿಸ್ತೀನಿ, ಒಂದೇ ನಿಮಿಷ," ಅನ್ನುವರು. ಮಗನ ಅಡ್ಮಿಶನ್ನಿಗೆ ಬಂದು ಆಫೀಸು ಹುಡುಕುತ್ತ ದಾರಿ ತಪ್ಪಿದ ತಂದೆ, ಫ್ಯಾನು ರಿಪೇರಿಯವನು, ಕನ್ನಡ ವಿಭಾಗದ ಮೇಡಂ, ಮಂಡಿಪೇಟೆಯಿಂದ ಸೀಮೆಸುಣ್ಣದ ಪೆಟ್ಟಿಗೆ ತರುತ್ತಿದ್ದ ಅಂಗಡಿಯವರು, ಒಬ್ಬರೂ ತಪ್ಪಿಸಿಕೊಂಡವರಿಲ್ಲ.

ಬಂದವರನ್ನು ಸ್ಟೂಲಿನ ಮೇಲೆ ಕೂಡಿಸಿ, ಪರದೆ ಎಳೆದು, ಟ್ಯೂಬ್‌ಲೈಟ್ ಆರಿಸಿ, ಅಂಚೆಚೀಟಿಯಷ್ಟಗಲದ ಒಂದು ಗಾಜಿನ ಚೂರನ್ನು ಮೇಜಿನ ಮೇಲಿಡುವರು. ಅಂಗಡಿಗಳಲ್ಲಿ ಖೋಟಾ ನೋಟು ಪರೀಕ್ಷೆ ಮಾಡಲು ಒಂದು ನೇರಳೆ ದೀಪ ಇಟ್ಟುಕೊಂಡಿರುತ್ತಾರಲ್ಲ, ಅಂಥದೊಂದನ್ನು ಅದರ ಮೇಲೆ ಹಿಡಿಯುವರು. ಹಿಡಿದ ಕೂಡಲೇ ಗಾಜು ಕಿತ್ತಳೆ ಬಣ್ಣಕ್ಕೆ ಹೊತ್ತಿಕೊಳ್ಳುತ್ತಿತ್ತು. ವೈರಿಲ್ಲ, ಬ್ಯಾಟರಿಯಿಲ್ಲ. ನೋಡುವವರು ಬಾಯಿ ತೆರೆಯುವ ಮೊದಲೇ ಸರ್ "ಹೆಂಗೈತೆ?" ಎಂದು ಕೇಳಿಬಿಡುವರು. ಎಷ್ಟು ಸಲ ನೋಡಿದ್ದರೂ ಪ್ರತಿ ಸಲ ಎಲ್ಲರಿಗಿಂತ ಮೊದಲು ಅರಳುತ್ತಿದ್ದದ್ದು ಅವರ ಮುಖವೇ.

ಅವರು ತೀರಿಕೊಂಡು ಒಂದು ತಿಂಗಳಾಯಿತು. ಹರಿಹರದ ಅವರ ಮನೆಗೆ ಹೋಗಿ ಬಂದಾಗಿನಿಂದ, ಅವರ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕೂರುವುದು, ನಾಚಿಕೆಯಾಗಿ ಎದ್ದುಹೋಗುವುದು, ಇದೇ ಆಗಿತ್ತು. ಇವತ್ತು ಎದ್ದಿಲ್ಲ.

ಸರ್ ಭೌತಶಾಸ್ತ್ರದ ಪ್ರಾಧ್ಯಾಪಕರು, ನನ್ನ ಪಿಎಚ್.ಡಿ. ಗೈಡು. ದಿನಾ ಹರಿಹರದಿಂದ ದಾವಣಗೆರೆಗೆ ಬಸ್ಸಿನಲ್ಲಿ ಬರುವರು. ಕೈಯಲ್ಲೊಂದು ಟಿಫನ್ ಬ್ಯಾಗು, ಅಂಗಿಯ ಜೇಬಿನಲ್ಲಿ ಆ ನೇರಳೆ ದೀಪ. ಬಸ್ಸು ತಡವಾಗಿ ಕ್ಲಾಸಿಗೆ ಹುಡುಗರೆಲ್ಲ ಬಂದು ಕೂತುಬಿಟ್ಟಿದ್ದರೆ ಬಾಗಿಲಲ್ಲೇ ನಿಂತು ಕನ್ನಡಕ ತೆಗೆದು ಕರ್ಚೀಪಿನಲ್ಲಿ ಒರೆಸುವರು. ಬೋರ್ಡಿನ ಮೇಲೆ ಪ್ಲಸ್ ಇದ್ದಲ್ಲಿ ಮೈನಸ್ ಬರೆದು, ಹಿಂದಿನ ಬೆಂಚಿನವನು ಎದ್ದು ಹೇಳಿದರೆ, "ಹೌದಲ್ಲೋ ಮಾರಾಯ," ಎಂದು ಮತ್ತೆ ಕನ್ನಡಕ ಒರೆಸುವರು. ಕನ್ನಡಕ ಕೈಗೆ ಬಂತು ಅಂದರೆ ಸರ್‌ಗೆ ನಾಚಿಕೆಯಾಗಿದೆ ಅಂತ ಇಡೀ ಡಿಪಾರ್ಟ್‌ಮೆಂಟಿಗೆ ಗೊತ್ತಿತ್ತು.

ಆ ಗಾಜಿನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗಲಿಕ್ಕಿಲ್ಲ. ಅದರ ಮೇಲಿದ್ದದ್ದು ಬೆಳಕು ಸೂಸುವ ಪಾಲಿಮರಿನ ತೆಳು ಪದರ. ಕೆಂಪಗೆ ನಾರುನಾರಾಗಿರುವ ಪದಾರ್ಥವನ್ನು ದ್ರಾವಕದಲ್ಲಿ ಕರಗಿಸಿ, ಒಂದು ಹನಿ ಗಾಜಿನ ಮೇಲೆ ಬಿಟ್ಟು, ಗರಗರ ತಿರುಗಿಸಿದರೆ ಹನಿ ಹರಡಿಕೊಂಡು ಇದೆಯೋ ಇಲ್ಲವೋ ಅನ್ನುವಷ್ಟು ತೆಳುವಾಗಿ ಕೂರುತ್ತದೆ. ತಿರುಗಿಸುವ ಯಂತ್ರವನ್ನು ಸರ್ ಹಳೇ ಕಂಪ್ಯೂಟರಿನ ಫ್ಯಾನು ಬಿಚ್ಚಿ ತಾವೇ ಮಾಡಿದ್ದರು. ಟಿವಿ, ಮೊಬೈಲಿನ ಪರದೆಗೆ ಇಂಥ ಪದಾರ್ಥ ಆಗಬಹುದೆಂದು ಎಲ್ಲ ಕಡೆ ಕೆಲಸ ನಡೆದಿತ್ತು. ಆದರೆ ಇದಕ್ಕೆ ಬೆಳಕೇ ಶತ್ರು. ಬೆಳಕು ಬಿದ್ದರೆ ಹೊಳೆಯುತ್ತದೆ, ಸರಿ. ಅದೇ ಬೆಳಕು ಗಾಳಿಯಲ್ಲಿರುವ ಆಮ್ಲಜನಕದ ಜೊತೆ ಸೇರಿ ಪಾಲಿಮರಿನ ಉದ್ದನೆಯ ಸರಪಣಿಯನ್ನು ಅಲ್ಲಲ್ಲಿ ಕೆಡಿಸುತ್ತ ಹೋಗುತ್ತದೆ. ಕೆಟ್ಟಷ್ಟೂ ಕಿತ್ತಳೆ ಹಳದಿಯ ಕಡೆ ಜರುಗುತ್ತದೆ, ಹೊಳಪು ಇಳಿಯುತ್ತದೆ. ಇಳಿದದ್ದು ಮತ್ತೆ ಏರುವುದಿಲ್ಲ. ಅದು ಹೇಗೆ, ಎಷ್ಟು ಬೇಗ ಕೆಡುತ್ತದೆ ಎಂದು ಅಳೆಯುವುದೇ ನನ್ನ ಸಂಶೋಧನೆ.

ಈಗ ನೀವೇ ಹೇಳಿ. ನೋಡಿದಷ್ಟೂ ಸವೆಯುವ ಪದಾರ್ಥ ಒಂದು ಕಡೆ, ಕಂಡಕಂಡವರನ್ನು ಕರೆದು ತೋರಿಸುವ ಗೈಡು ಇನ್ನೊಂದು ಕಡೆ. ನನ್ನ ಬಾಯಿ ಮೊದಲಿನಿಂದಲೂ ಸ್ವಲ್ಪ ಜೋರು. "ಸರ್, ನೀವು ತೋರಿಸಿ ತೋರಿಸೇ ಇದನ್ನ ಸಾಯಿಸ್ತೀರಿ," ಅನ್ನುತ್ತಿದ್ದೆ. ಅವರು ನಕ್ಕು, "ಬಚ್ಚಿಡೋಕಾದ್ರೆ ಯಾಕಮ್ಮ ಮಾಡಬೇಕು ಇದನ್ನ?" ಅನ್ನುತ್ತಿದ್ದರು. ಕೊನೆಗೆ ಒಂದು ಒಪ್ಪಂದ ಮಾಡಿಕೊಂಡೆವು. ತೋರಿಸಲಿಕ್ಕೆಂದೇ ನಾನೊಂದು ಗಾಜು ಬೇರೆ ಮಾಡಿಕೊಡುವುದು, ಅದು ಮಂಕಾದರೆ ಇನ್ನೊಂದು. ನನ್ನ ಪ್ರಯೋಗದ ಗಾಜುಗಳನ್ನು ಮಾತ್ರ ಅವರು ಮುಟ್ಟುವ ಹಾಗಿಲ್ಲ. ಅದರಲ್ಲೂ ಕತ್ತಲ ಡಬ್ಬಿಯನ್ನು. ಒಳಗೆಲ್ಲ ಕಪ್ಪು ಬಣ್ಣ ಬಳಿದ ಬಿಸ್ಕತ್ತಿನ ಡಬ್ಬಿ ಅದು. ದೀಪಕ್ಕಿಟ್ಟ ಗಾಜುಗಳು ಕೆಟ್ಟದ್ದು ಬೆಳಕಿನಿಂದಲೇ ಎಂದು ಸಾಬೀತಾಗಬೇಕಾದರೆ, ಅದೇ ದಿನ ಮಾಡಿ ಕತ್ತಲಲ್ಲಿಟ್ಟ ಗಾಜುಗಳು ಕೆಡದೆ ಉಳಿಯಬೇಕು. ಹಾಗಾಗಿ ಆ ಡಬ್ಬಿಯೇ ನನ್ನ ಪ್ರಯೋಗದ ಬುಡ. ತಿಂಗಳಿಗೊಮ್ಮೆ ಕತ್ತಲಲ್ಲೇ ತೆಗೆದು, ಅಳೆದು, ಮುಚ್ಚಿಡುತ್ತಿದ್ದೆ.

ಒಪ್ಪಂದವನ್ನು ಮುರಿದದ್ದು ನಾನು. ಪ್ರಬಂಧ ಬರೆಯುವ ಗಡಿಬಿಡಿಯಲ್ಲಿದ್ದಾಗ ಸರ್ ಬಂದು, ತೋರಿಸುವ ಗಾಜು ಪೂರ್ತಿ ಮಂಕಾಗಿದೆ, ಇನ್ನೊಂದು ಮಾಡಿಕೊಡಮ್ಮ ಎಂದರು. "ನನಗೆ ಬೇರೆ ಕೆಲಸ ಇಲ್ವಾ ಸರ್? ಇನ್ನು ಮಾಡಿಕೊಡಲ್ಲ," ಅಂದೆ. "ಆಗಲಿ ಬಿಡಮ್ಮ, ಓದ್ಕೊ," ಎಂದು ಹೋದರು. ಮುಂದಿನ ವಾರ ನಾನು ಬೇರೊಂದು ವಿಶ್ವವಿದ್ಯಾಲಯಕ್ಕೆ ಕೆಲವು ಗಾಜು ಅಳೆಸಲು ಹೋದೆ.

ಆ ತಿಂಗಳು ಕತ್ತಲ ಡಬ್ಬಿಯ ಗಾಜುಗಳನ್ನು ಅಳೆದರೆ ಹೊಳಪು ಬಿದ್ದುಹೋಗಿತ್ತು. ಎಲ್ಲವುಗಳದೂ. ನಾನು ತಲೆ ಕೆರೆದುಕೊಂಡೆ. ಎಪ್ರಿಲ್ ತಿಂಗಳ ಸೆಕೆ ಇರಬಹುದು, ಡಬ್ಬಿಯೊಳಗೆ ತೇವ ಸೇರಿರಬಹುದು, ದ್ರಾವಕ ಪೂರ್ತಿ ಆರಿರಲಿಕ್ಕಿಲ್ಲ, ಏನೇನೋ ಕಾರಣ ಹಚ್ಚಿದೆ. ವಿದುಷಿಯ ಹಾಗೆ ಒಂದು ಪುಟ ವಿವರಣೆಯನ್ನೂ ಬರೆದೆ. ಸರ್ ಅದನ್ನು ಓದಿ, "ಈ ಗ್ರಾಫು ಈಗ ಇಡಬ್ಯಾಡಮ್ಮ. ಇನ್ನೊಮ್ಮೆ ಮಾಡಿಬಿಡೋಣ," ಅಂದರು. ಸೆಮಿನಾರು ಮುಂದೆಯೇ ಇತ್ತು. ಟೈಮಿಲ್ಲ ಸರ್ ಎಂದು ಇಟ್ಟೇ ಇಟ್ಟೆ.

ಸೆಮಿನಾರಿಗೆ ಹೊರಗಿನಿಂದ ಒಬ್ಬ ತಜ್ಞರು ಬಂದಿದ್ದರು. ಪ್ರಿನ್ಸಿಪಾಲರು, ಎಲ್ಲ ವಿಭಾಗದವರು, ಎಂ.ಎಸ್ಸಿ. ಹುಡುಗರು, ಸೆಮಿನಾರ್ ಹಾಲ್ ತುಂಬಿತ್ತು. ಆ ಗ್ರಾಫು ಬಂದ ಕೂಡಲೇ ತಜ್ಞರು ಕೈ ಎತ್ತಿದರು. "ಕತ್ತಲಲ್ಲಿಟ್ಟದ್ದು ಹೇಗೆ ಬಿತ್ತಮ್ಮ? ಅದೂ ನಿಧಾನಕ್ಕೆ ಇಳಿದಿಲ್ಲ. ನೆಟ್ಟಗೆ ಇದೆ, ಇದೆ, ಒಂದು ಕಡೆ ದೊಪ್ಪನೆ ಬಿದ್ದಿದೆ. ಡಬ್ಬಿ ಯಾರಾದರೂ ತೆಗೆದಿದ್ರಾ?"

ನಾನು ಮುಂದಿನ ಸಾಲಿನಲ್ಲಿ ಕೂತಿದ್ದ ಸರ್ ಕಡೆ ನೋಡಿದೆ. ಅವರು ಕನ್ನಡಕ ತೆಗೆದು ಒರೆಸುತ್ತಿದ್ದರು.

ನನಗೆ ಸಿಟ್ಟು ನೆತ್ತಿಗೇರಿತು. ಎಷ್ಟು ವರ್ಷದ ಕೆಲಸ, ಎಷ್ಟು ಬೇಡಿಕೊಂಡಿದ್ದೆ, ಕೊನೆಗೂ ಇವರು ಕೈ ಹಾಕಿಯೇಬಿಟ್ಟರಲ್ಲ. ಮೈಕು ಕೈಯಲ್ಲೇ ಇತ್ತು. "ನಮ್ಮ ಸರ್ ತೆಗೆದಿರ್ತಾರೆ ಸರ್. ಬಾಗಿಲ ಮುಂದೆ ಹೋಗೋರಿಗೆ ಬರೋರಿಗೆಲ್ಲ ತೋರಿಸೋದು ಅವರಿಗೊಂದು ಹುಚ್ಚು. ಇಷ್ಟೊತ್ತಿಗೆ ಅರ್ಧ ದಾವಣಗೆರೆ ನೋಡೈತೆ," ಅಂದೆ.

ಇಡೀ ಹಾಲ್ ನಕ್ಕಿತು. ಪ್ರಿನ್ಸಿಪಾಲರೂ ನಕ್ಕರು. ಆ ನಗು ಬಂದದ್ದಕ್ಕೆ ನನಗೆ ಖುಷಿಯೂ ಆಯಿತು, ಅದನ್ನೂ ಬರೆದುಬಿಡುತ್ತೇನೆ. ಸರ್ ಎದ್ದು ನಿಂತರು. "ಹೌದು ಸರ್. ತೆಗೆದದ್ದು ನಾನೇ. ಆ ಹುಡುಗೀದು ಏನೂ ತಪ್ಪಿಲ್ಲ," ಎಂದು ಕೂತರು. ತಜ್ಞರು ಕತ್ತಲ ಪ್ರಯೋಗವನ್ನು ಮೊದಲಿನಿಂದ ಮಾಡು ಎಂದರು. ಮತ್ತೆ ಒಂದು ವರ್ಷ ಹಿಡಿಯಿತು.

ಮಾರನೇ ದಿನ ಲ್ಯಾಬಿನ ಬಾಗಿಲು ಬಡಿದ ಸದ್ದಾಯಿತು. ನೋಡಿದರೆ ಸರ್. "ಒಳಗೆ ಬರಬಹುದೇನಮ್ಮ?" ಅಂದರು. ಅದು ಅವರದೇ ಲ್ಯಾಬು. ಅವರು ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ನಾನು ನಕ್ಕೆ. ತಮಾಷೆಯಾಗಿರಲಿಲ್ಲ. ಗಾಜುಗಳನ್ನಿಡುವ ಬೀರುವಿನ ತಮ್ಮ ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟರು. ಅಲ್ಲಿಂದ ಮುಂದೆ ರಿಟೈರಾಗುವವರೆಗೂ ಬಾಗಿಲು ಬಡಿದೇ ಒಳಗೆ ಬರುತ್ತಿದ್ದರು. ಯಾರಾದರೂ ಪರಿಚಯದವರು ಬಂದು, "ಏನ್ರಿ ಸರ್, ನಿಮ್ಮ ಮಾಯದ ಗಾಜು ತೋರಿಸಲ್ವಾ?" ಎಂದರೆ ಅವರನ್ನು ವರಾಂಡದಲ್ಲೇ ನಿಲ್ಲಿಸಿಕೊಂಡು ಮಳೆ, ಬೆಳೆ, ಬಸ್ಸಿನ ವಿಷಯ ಮಾತಾಡಿ ಕಳಿಸುವರು. ಅಂಗಿಯ ಜೇಬಿನಲ್ಲಿ ದೀಪವಿರಲಿಲ್ಲ.

ನನಗೆ ಮೊದಮೊದಲು ಮುಜುಗರವಾಯಿತು, ಆಮೇಲೆ ರೂಢಿಯಾಯಿತು. ನಾನು ಹೇಳಿದ್ದು ಸುಳ್ಳಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಡಿಗ್ರಿ ಬಂತು, ಇಲ್ಲೇ ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಎಂ.ಸಿ.ಸಿ. ಬಡಾವಣೆಯಲ್ಲಿ ಮನೆ ಮಾಡಿದೆ. ಸರ್ ರಿಟೈರಾದ ದಿನ ನಾನೇ ಶಾಲು ಹೊದಿಸಿದೆ.

ನಮ್ಮಪ್ಪನದು ಮಲೆಬೆನ್ನೂರಿನಲ್ಲಿ ವೆಲ್ಡಿಂಗ್ ಅಂಗಡಿ. ಟ್ರ್ಯಾಕ್ಟರಿನ ಟ್ರೇಲರು, ಗೇಟು, ಕಿಟಕಿ. ಹೋದ ವರ್ಷದ ಹಿಂದಿನ ವರ್ಷ ಊರಿಗೆ ಹೋದಾಗ ಅಂಗಡಿಯ ಮುಂದೆ ಕೂತಿದ್ದೆ. ಅಪ್ಪ ಕಾಯಿಸಿದ ಕಬ್ಬಿಣದ ಪಟ್ಟಿಯನ್ನು ಇಕ್ಕಳದಲ್ಲಿ ಎತ್ತಿ ಹಿಡಿದು, "ನಿನ್ನ ಗಾಜು ಹಿಂಗೇ ಇತ್ತು ನೋಡು. ಆದ್ರೆ ಬಿಸಿ ಇರಲಿಲ್ಲ," ಅಂದರು.

"ನೀನ್ಯಾವಾಗ ನೋಡಿದೆ ನನ್ನ ಗಾಜನ್ನ?"

ಅಪ್ಪ ಮಾತು ಮರೆಸಲು ನೋಡಿದರು. ನಾನು ಬಿಡಲಿಲ್ಲ. ಪಟ್ಟಿಯನ್ನು ನೀರಿಗದ್ದಿ, ಕೈ ಒರೆಸಿಕೊಂಡು ಹೇಳಿದರು. "ನಿನ್ನ ಕರ್ಕೊಂಡು ಬರೋಣ ಅಂತ ಹೋಗಿದ್ದೆ ಕಣವ್ವ. ಎಷ್ಟು ವರ್ಷ ಓದೋದು, ಏನು ಓದ್ತಾಳೆ, ಯಾವಾಗ ಮದುವೆ ಅಂತ ನೆಂಟರು ನನ್ನ ಜೀವ ತಿಂತಿದ್ರು. ನಿನ್ನ ಕೇಳಿದ್ರೆ ನೀನು ಸಿಡುಕ್ತಿದ್ದೆ. ಅದಕ್ಕೆ ನೀನು ದಾವಣಗೆರೆಯಾಗೆ ಇಲ್ಲದಾಗ ನಿಮ್ಮ ಸರ್ ಹತ್ರ ಹೋಗಿ, ಇನ್ನು ಸಾಕು, ಬಿಡಿಸಿಬಿಡ್ರಿ ಅಂದೆ."

"ಸರ್ ಏನಂದ್ರು?"

"ಏನೂ ಅನ್ನಲಿಲ್ಲ. ಕುಂದ್ರಿಸಿದ್ರು, ಚಾ ತರಿಸಿದ್ರು. ಆಮೇಲೆ ಮೇಜಿನ ಮೇಲಿದ್ದ ಒಂದು ಗಾಜು ತೋರಿಸೋಕೆ ನೋಡಿದ್ರು, ಅದು ಹತ್ತಲೇ ಇಲ್ಲ. ಸುಮಾರು ಹೊತ್ತು ಹಂಗೇ ನಿಂತಿದ್ರು. ಆಮೇಲೆ ಬೀರು ತೆಗೆದು ಒಂದು ಕರೇ ಡಬ್ಬಿ ತಂದ್ರು. ಇದು ನಿಮ್ಮ ಮಗಳು ಮಾಡಿದ್ದು, ಇದೂ ನಿಮ್ಮ ಮಗಳು ಮಾಡಿದ್ದು ಅಂತ ಒಂದೊಂದೇ ತೋರಿಸಿದ್ರು. ನಾನು ನಂಬಲಿಲ್ಲ. ಒಳಗೆ ಏನೋ ಕೂಡ್ಸಿರ್ತಾರೆ ಅನ್ಕಂಡು ಅಷ್ಟನ್ನೂ ಅಂಗೈ ಮೇಲೆ ಇಟ್ಕಂಡು ಹೊರಗೆ ಬಿಸಿಲಿಗೆ ಹೋದೆ. ತಿರುಗಿಸಿ ಮುರುಗಿಸಿ ನೋಡಿದೆ. ಬರೀ ಗಾಜು. ಅವರು ಬಾಗಿಲಾಗೆ ನಿಂತು ಒರೆಸಿದ ಕನ್ನಡಕಾನೇ ಒರೆಸ್ತಿದ್ರು, ಬ್ಯಾಡ ಅನ್ನಲಿಲ್ಲ. ವಾಪಸ್ ಕೊಟ್ಟು, ಆತು ಸರ್, ಅವಳು ಎಷ್ಟು ಓದ್ತಾಳೋ ಓದ್ಲಿ ಅಂದೆ. ನಾ ಬಂದಿದ್ದು ಅವಳಿಗೆ ಹೇಳಬ್ಯಾಡ್ರಿ, ಜಗಳ ತೆಗೀತಾಳೆ ಅಂತಾನೂ ಅಂದೆ."

ಹೌದು, ಅದರ ಮುಂದಿನ ತಿಂಗಳಿಂದ ಅಪ್ಪ ಮದುವೆಯ ಮಾತು ನಿಲ್ಲಿಸಿದ್ದರು. ನನ್ನ ಹಟಕ್ಕೆ ಸೋತರು ಅಂದುಕೊಂಡಿದ್ದೆ.

ದಾವಣಗೆರೆಗೆ ಬಂದವಳೇ ಹಳೇ ಗ್ರಾಫು ತೆಗೆದು ನೋಡಿದೆ. ಆ ತಜ್ಞರು ಹೇಳಿದ್ದು ಸರಿಯಾಗಿತ್ತು. ನೆಟ್ಟಗೆ ಇದೆ, ಇದೆ, ಒಂದು ಕಡೆ ದೊಪ್ಪನೆ ಬಿದ್ದಿದೆ. ಬಂದಬಂದವರಿಗೆಲ್ಲ ಒಂದೊಂದು ನಿಮಿಷ ತೋರಿಸಿದ್ದರೆ ಗೆರೆ ಸ್ವಲ್ಪಸ್ವಲ್ಪವೇ ಇಳಿಯಬೇಕಿತ್ತು. ಒಂದೇ ಸಲ ಬೀಳಬೇಕಾದರೆ ಆ ಒಂದು ತಿಂಗಳಲ್ಲೇ ಯಾವಾಗಲೋ ಚೆನ್ನಾಗಿ ಬೆಳಕು ಬಿದ್ದಿರಬೇಕು. ಇದನ್ನು ಓದಲು ಪಿಎಚ್.ಡಿ. ಬೇಡ. ಅದೇ ವಿಷಯದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ನಾನು ನನ್ನದೇ ಗ್ರಾಫನ್ನು ಓದದೆ, ಮೈಕು ಹಿಡಿದು, ಅರ್ಧ ದಾವಣಗೆರೆ ನೋಡೈತೆ ಅಂದಿದ್ದೆ. ನೋಡಿದವರು ಒಬ್ಬರೇ. ನಮ್ಮಪ್ಪ. ಸರ್ ಆ ಹಾಲ್‌ನಲ್ಲಿ ಒಂದು ಮಾತು ಹೇಳಿದ್ದರೆ ನಗುವವರೆಲ್ಲ ನನ್ನ ಕಡೆ ತಿರುಗಿ ನೋಡುತ್ತಿದ್ದರು. ಅವರು ಹೇಳಲಿಲ್ಲ.

ಲ್ಯಾಬಿನಲ್ಲಿ ಕೂತು ಹೊಸದೊಂದು ಗಾಜು ಮಾಡಿದೆ. ಅಷ್ಟು ಚೆನ್ನಾಗಿ ಪದರ ಕೂತದ್ದು ನನ್ನ ಕೈಯಲ್ಲಿ ಅದೊಂದೇ ಇರಬೇಕು. ಕಪ್ಪು ಕಾಗದದಲ್ಲಿ ಸುತ್ತಿ, ಮೇಲೆ ಅಡುಗೆಮನೆಯ ಫಾಯಿಲು ಸುತ್ತಿ, ಕೆಂಪು ಟೇಪು ಹಚ್ಚಿಕೊಂಡು ಹರಿಹರದ ಬಸ್ಸು ಹತ್ತಿದೆ.

ಸರ್ ಬಾಗಿಲಲ್ಲೇ ಇದ್ದರು. "ಬಾರಮ್ಮ, ಬಾ, ಕೂಡ್ರು," ಎಂದು ಒಳಗೆ ಕರೆದರು. ಅವರ ಮನೆಯವರು ಮಂಡಕ್ಕಿ ಒಗ್ಗರಣೆ ಹಾಕಿಕೊಟ್ಟರು. "ಅಪ್ಪ ಎಲ್ಲಾ ಹೇಳಿದ್ರು ಸರ್," ಅಂದೆ, ಅಷ್ಟೇ. ಸರ್ ಕನ್ನಡಕ ತೆಗೆದರು. "ಅವರು ಹೇಳಬಾರದಿತ್ತು," ಎಂದರು. "ನಾನಾದ್ರೂ ನಿನಗೆ ಮೊದಲೇ ಹೇಳಬೇಕಿತ್ತಮ್ಮ. ನಿನ್ನದು ಒಂದು ವರ್ಷ ಹೋತು." ಕ್ಷಮಿಸಿ ಅನ್ನಬೇಕಾದವಳು ನಾನು. ಅದನ್ನು ಅವರೇ ಅಂದುಬಿಟ್ಟ ಮೇಲೆ ನನಗೆ ಏನೂ ಉಳಿಯಲಿಲ್ಲ.

ಪೊಟ್ಟಣ ತೆಗೆದು ಅವರ ಕೈಯಲ್ಲಿಟ್ಟೆ. "ಇದು ತೋರಿಸೋಕೆ ಅಂತಲೇ ಮಾಡಿದ್ದು ಸರ್. ಪ್ರಯೋಗದ್ದಲ್ಲ. ಯಾರು ಬಂದ್ರೂ ತೋರಿಸ್ರಿ. ಮಂಕಾದ್ರೆ ಫೋನ್ ಮಾಡ್ರಿ, ಇನ್ನೊಂದು ಮಾಡಿ ತರ್ತೀನಿ." ಅವರು ಎರಡೂ ಕೈಯಲ್ಲಿ ಇಸಿದುಕೊಂಡು, ಎದ್ದುಹೋಗಿ ಅಲ್ಮೆರಾದಲ್ಲಿ ಬಟ್ಟೆಗಳ ಕೆಳಗಿಟ್ಟರು. ಬರುವಾಗ ಬಸ್ಸಿನಲ್ಲಿ ಎದೆಯ ಮೇಲಿನ ಭಾರ ಇಳಿದ ಹಾಗಿತ್ತು. ಸದ್ಯ, ಸರಿಹೋಯಿತು ಅಂದುಕೊಂಡೆ.

ಆಮೇಲೆ ಆಗಾಗ ಫೋನ್ ಮಾಡಿದಾಗ, "ಗಾಜು ಹೆಂಗೈತೆ ಸರ್?" ಎಂದು ಕೇಳುತ್ತಿದ್ದೆ. "ಚೆನ್ನಾಗೈತಮ್ಮ. ನೀನು ಕೊಟ್ಟಾಗ ಹೆಂಗಿತ್ತೋ ಹಂಗೇ ಐತೆ," ಅನ್ನುತ್ತಿದ್ದರು. ನನ್ನ ಮನಸ್ಸಿಗೆ ಬೇಜಾರಾಗದಿರಲಿ ಎಂದು ಹಾಗೆ ಹೇಳುತ್ತಾರೆ ಅಂದುಕೊಂಡೆ. ಇಷ್ಟೊತ್ತಿಗೆ ಅವರ ಬೀದಿಯವರೆಲ್ಲ ನೋಡಿ, ಅದು ಅರ್ಧ ಸತ್ತಿರುತ್ತದೆ, ಇನ್ನೊಂದು ಮಾಡಬೇಕು ಎಂದುಕೊಂಡು ನನ್ನಷ್ಟಕ್ಕೆ ನಗುತ್ತಿದ್ದೆ. ಇನ್ನೊಂದಕ್ಕೆ ಪದಾರ್ಥವನ್ನೂ ತೆಗೆದಿಟ್ಟಿದ್ದೆ.

ಸರ್ ತೀರಿಕೊಂಡ ನಂತರದ ಶಿವಗಣಾರಾಧನೆಯ ದಿನ ಜನವೆಲ್ಲ ಊಟ ಮುಗಿಸಿ ಹೋದ ಮೇಲೆ ಅವರ ಹೆಂಡತಿ, ನಾವು ಅಮ್ಮ ಅನ್ನುವವರು, ನನ್ನನ್ನು ಒಳಗಿನ ಕೋಣೆಗೆ ಕರೆದರು. ಅಲ್ಮೆರಾ ತೆಗೆದು ಆ ಪೊಟ್ಟಣವನ್ನೂ, ಅದರ ಪಕ್ಕದಲ್ಲಿದ್ದ ನೇರಳೆ ದೀಪವನ್ನೂ ಕೈಗೆ ಕೊಟ್ಟರು. ಫಾಯಿಲಿನ ಮೇಲೆ ನಾನು ಹಚ್ಚಿದ ಕೆಂಪು ಟೇಪು ಹಚ್ಚಿದ ಹಾಗೇ ಇತ್ತು.

"ನಿನ್ನದಂತೆ, ನಿನಗೇ ಮುಟ್ಟಿಸಬೇಕು ಅಂದಿದ್ರು," ಎಂದರು ಅಮ್ಮ. "ಬಂದೋರಿಗೆ ತೋರಿಸ್ರಿ, ಮೊದಲೆಲ್ಲ ಕಾಲೇಜಿನಾಗೆ ತೋರಿಸ್ತಿದ್ರಲ್ಲ ಅಂತ ನಾನೇ ಎಷ್ಟೋ ಸಲ ಅಂದೆ. ಬ್ಯಾಡ, ಬೆಳಕು ತಾಗಿದ್ರೆ ಕೆಡತೈತೆ, ಆ ಹುಡುಗಿ ಕಷ್ಟಪಟ್ಟು ಮಾಡೈತೆ ಅನ್ನೋರು. ಆಗಾಗ ತೆಗೆದು ಪೊಟ್ಟಣಾನೇ ನೋಡಿ ಒಳಗಿಡೋರು. ನಾನೂ ನೋಡಿಲ್ಲವ್ವ. ಏನೈತೆ ಇದರಾಗೆ?"

ಕಿಟಕಿ ಹಾಕಿದೆ. ಟೇಪು ಕಿತ್ತು, ಫಾಯಿಲು ಬಿಚ್ಚಿ, ಕಪ್ಪು ಕಾಗದ ಬಿಚ್ಚಿ, ಗಾಜನ್ನು ಮಂಚದ ಮೇಲಿಟ್ಟು ದೀಪ ಹಿಡಿದೆ. ಬ್ಯಾಟರಿ ಹೊಸದಾಗಿ ಹಾಕಿಸಿಟ್ಟಿದ್ದರು. ಗಾಜು ಕಿತ್ತಳೆಗೆ ಹೊತ್ತಿಕೊಂಡಿತು. ನಾನು ಮಾಡಿದ ದಿನ ಹೇಗಿತ್ತೋ ಹಾಗೇ, ಒಂದು ಚೂರೂ ಸವೆದಿರಲಿಲ್ಲ. ಜೀವಮಾನವೆಲ್ಲ ತೋರಿಸುತ್ತ ಬಂದ ಮನುಷ್ಯನ ಮನೆಯಲ್ಲಿ ಇದೊಂದು ಗಾಜು ಇಷ್ಟು ಹೊಸದಾಗಿ ಉಳಿದಿತ್ತು.

"ಅಯ್ಯೋ, ಇಷ್ಟು ಚೆಂದ ಐತಲ್ಲ," ಎಂದರು ಅಮ್ಮ. ಹತ್ತಿರ ಬಂದು ಬಗ್ಗಿ ನೋಡಿದರು. ಸುಮಾರು ಹೊತ್ತು ನೋಡಿ, ಗಾಬರಿಯಿಂದ ನನ್ನ ಕೈ ಹಿಡಿದರು. "ಆರಿಸವ್ವ, ಸಾಕು. ಕೆಡತೈತೆ ಅಂತಿದ್ರು."

"ಇರಲಿ ನೋಡ್ರಮ್ಮ," ಅಂದೆ. "ಇದು ಇಷ್ಟೊತ್ತಿಗೆ ಕೆಟ್ಟುಹೋಗಿರಬೇಕಿತ್ತು."